ಹತ್ತು ಸಾವಿರ ಅಡಿಯ ಕೆಳಗೆ ಮೂವತ್ತು ನಾಟ್ ಹೆಚ್ಚು

ಪ್ರಶ್ನೆ: ನಾನು ದಾವಣಗೆರೆಯವನು. ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತನಾಗಿದ್ದೇನೆ. ಮಗ ವಿಮಾನಯಾನ ಸಂಸ್ಥೆಯೊಂದರಲ್ಲಿ ಸಹ ಪೈಲಟ್. ಕೆಲಸಕ್ಕೆ ಸೇರಿ ಎರಡು ವರ್ಷವಾಯಿತು. ಕಳೆದ ತಿಂಗಳು ಮುಂಬೈಯಿಂದ ಬೆಂಗಳೂರಿಗೆ ಇಳಿಯುವಾಗ ನೇರ ದಾರಿ ಸಿಕ್ಕಿತಂತೆ, ಆಮೇಲೆ ರನ್‌ವೇ ಬದಲಾಯಿತಂತೆ. ಆ ಗಡಿಬಿಡಿಯಲ್ಲಿ ವಿಮಾನ 10,000 ಅಡಿಯಿಂದ ಕೆಳಗಿಳಿದ ಮೇಲೂ 280 ನಾಟ್ ವೇಗದಲ್ಲಿತ್ತು (ಒಂದು ನಾಟ್ ಎಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ, ಸುಮಾರು 1.85 ಕಿಲೋಮೀಟರ್), ಇರಬೇಕಾದದ್ದು 250. ಮಗನೇ ಮೊದಲು ಗಮನಿಸಿ ಹೇಳಿದ, ಸುಮಾರು ಒಂದು ನಿಮಿಷದಲ್ಲಿ ಸರಿಹೋಯಿತು. ಯಾರೂ ಕೇಳದಿದ್ದರೂ ಅವನೂ ಕ್ಯಾಪ್ಟನ್ನರೂ ಅದನ್ನು ಬರೆದು ಕೊಟ್ಟಿದ್ದಾರೆ. ಪ್ರಯಾಣಿಕರಿಗೆ ಅಪಾಯವಿತ್ತೇ? ಅವನ ಕೆಲಸಕ್ಕೆ ಕುತ್ತು ಬರುತ್ತದೆಯೇ? ಯಾರ ಕಣ್ಣಿಗೂ ಬೀಳದ ತಪ್ಪನ್ನು ತಾವೇ ಬರೆದುಕೊಡುವುದು ಯಾವ ಜಾಣತನ? ಇನ್ನೊಂದು ವಿಷಯ. ಅವನ ವಿಮಾನಗಳನ್ನು ನಾನು ಮೊಬೈಲ್ ಆ್ಯಪ್‌ನಲ್ಲಿ ನೋಡುತ್ತಿರುತ್ತೇನೆ. 10,000 ಅಡಿಯ ಹತ್ತಿರ 300 ನಾಟ್ ಎಂದು ತೋರಿಸುವುದು ಆಗಾಗ ಕಾಣುತ್ತದೆ. ಹಾಗಾದರೆ ಇದು ದಿನವೂ ನಡೆಯುತ್ತಿದೆಯೇ?

ಉತ್ತರ: ಮೇಷ್ಟ್ರೇ, ನೀವು ನಾಲ್ಕು ಪ್ರಶ್ನೆ ಕೇಳಿದ್ದೀರಿ. ಪತ್ರ ಓದಿದಾಗ ನನಗೆ ಕೇಳಿಸಿದ್ದು ಒಂದೇ: ಹುಡುಗನಿಗೆ ಏನೂ ಆಗುವುದಿಲ್ಲ ತಾನೇ? ಅದಕ್ಕೇ ಮೊದಲು ಉತ್ತರಿಸುತ್ತೇನೆ. ಬೇಕೆಂದು ಮಾಡದ, ತಾವೇ ಕಂಡುಕೊಂಡು ತಾವೇ ಸರಿಪಡಿಸಿದ, ತಾವೇ ಬರೆದುಕೊಟ್ಟ ಇಂಥ ಲೋಪಕ್ಕೆ ಯಾರಾದರೂ ಕೆಲಸ ಕಳೆದುಕೊಂಡದ್ದನ್ನು ಪೈಲಟ್ ಆಗಿ ನನ್ನ ಮೂವತ್ತು ವರ್ಷದ ಸೇವೆಯಲ್ಲಿ ನಾನು ಕಂಡಿಲ್ಲ. ಸುರಕ್ಷತಾ ವಿಭಾಗದವರು ಕರೆದು ಮಾತನಾಡಿಸಬಹುದು. ಮುಂದಿನ ಸಿಮ್ಯುಲೇಟರ್ ತರಬೇತಿಯಲ್ಲಿ ಇದೇ ಸನ್ನಿವೇಶವನ್ನು ಎದುರಿಗಿಡಬಹುದು. ಅವನು ಅಲ್ಲಿ ಹೇಳಬೇಕಾದದ್ದು ವರದಿಯಲ್ಲಿ ಬರೆದದ್ದನ್ನೇ. ನಿಶ್ಚಿಂತೆಯಿಂದಿರಿ.

ಪ್ರಯಾಣಿಕರ ವಿಷಯ. ವಿಮಾನದ ಮೈಗೆ ಅಪಾಯವಿರಲಿಲ್ಲ. ಏರ್‌ಬಸ್ ಎ320 ಗರಿಷ್ಠ 350 ನಾಟ್‌ವರೆಗೆ, ಬೋಯಿಂಗ್ 737-800 ಗರಿಷ್ಠ 340 ನಾಟ್‌ವರೆಗೆ ಹಾರಬಹುದು. 280 ನಾಟ್ ಅವುಗಳಿಗೆ ಹೊರೆಯೇ ಅಲ್ಲ. ನಿಧಾನವಾಗಿ ಹಾರಲು ನೆರವಾಗುವ, ರೆಕ್ಕೆಯ ಮುಂದಂಚಿನ ಸ್ಲ್ಯಾಟ್, ಹಿಂದಂಚಿನ ಫ್ಲ್ಯಾಪ್‌ಗಳನ್ನು ಆ ವೇಗದಲ್ಲಿ ಹೊರಗೆ ಚಾಚಿದ್ದರೆ ಮಾತು ಬೇರೆಯಾಗುತ್ತಿತ್ತು. ಎ320ರಲ್ಲಿ ಮೊದಲ ಹಂತದ ಸ್ಲ್ಯಾಟ್‌ಗೇ 230 ನಾಟ್ ಮಿತಿಯಿದೆ. ಇಲ್ಲಿ ಹಾಗೇನೂ ಆಗಿಲ್ಲ.

ಹಾಗಾದರೆ 250ರ ಕಟ್ಟಳೆ ಯಾಕೆ? ಅದು ವಾಹನದ ಶಕ್ತಿಯ ಮಿತಿಯಲ್ಲ, ದಾರಿಯ ಮಿತಿ. ಹೆದ್ದಾರಿ 48ರಲ್ಲಿ ವೇಗವಾಗಿ ಬಂದ ಬಸ್ಸು ನಿಮ್ಮೂರಿನ ಪಿ.ಬಿ. ರಸ್ತೆಗೆ ಇಳಿದ ಮೇಲೆ ನಿಧಾನವಾಗಲೇಬೇಕು. ಬಸ್ಸಿಗೆ ತಾಕತ್ತಿಲ್ಲವೆಂದಲ್ಲ, ಅಲ್ಲಿ ಜನರಿದ್ದಾರೆ, ಸೈಕಲ್‌ಗಳಿವೆ, ಅಡ್ಡ ಬರುವ ಆಟೋಗಳಿವೆ. ಆಕಾಶದಲ್ಲಿಯೂ 10,000 ಅಡಿಯ ಕೆಳಗೆ ಹಾಗೆಯೇ. ಏರುವವರು, ಇಳಿಯುವವರು, ತರಬೇತಿಯ ಸಣ್ಣ ವಿಮಾನಗಳು, ಹೆಲಿಕಾಪ್ಟರ್‌ಗಳು, ಹದ್ದುಗಳು ಎಲ್ಲ ಸೇರುವ ಪೇಟೆ ಅದು.

ಈ ನಿಯಮದ ಹಿಂದೆ ಒಂದು ದೊಡ್ಡ ದುರಂತವಿದೆ. 1960ರ ಡಿಸೆಂಬರ್ 16ರಂದು ನ್ಯೂಯಾರ್ಕ್ ನಗರದ ಮೇಲೆ, ಮೋಡದೊಳಗೆ, ಎರಡು ಪ್ರಯಾಣಿಕ ವಿಮಾನಗಳು ಡಿಕ್ಕಿ ಹೊಡೆದವು. ಒಂದು ಡಿಸಿ-8 ಜೆಟ್, ಇನ್ನೊಂದು ಪಂಖದ ಸೂಪರ್ ಕಾನ್‌ಸ್ಟೆಲೇಷನ್. ಜೆಟ್‌ನ ದಾರಿಯನ್ನು ನಿಯಂತ್ರಕರು, ಎಂದರೆ ನೆಲದಿಂದ ರೇಡಿಯೊದಲ್ಲಿ ವಿಮಾನಗಳಿಗೆ ದಾರಿ ಹೇಳುವವರು, ಸುಮಾರು ಹನ್ನೊಂದು ಮೈಲಿ ಮೊಟಕು ಮಾಡಿದ್ದರು. ಅದರ ಎರಡು ದಿಕ್ಸೂಚಕ ರೇಡಿಯೊಗಳಲ್ಲಿ ಒಂದು ಕೆಟ್ಟಿತ್ತು. ಅದನ್ನು ನಿಯಂತ್ರಕರಿಗೆ ತಿಳಿಸಿರಲಿಲ್ಲ. ಸುತ್ತು ಹಾಕುತ್ತ ಕಾಯಬೇಕಿದ್ದ ಜಾಗವನ್ನು ಜೆಟ್ ಸುಮಾರು 300 ನಾಟ್ ವೇಗದಲ್ಲಿ ದಾಟಿ ಮುಂದೆ ಹೋಗಿಬಿಟ್ಟಿತು. ಎರಡೂ ವಿಮಾನಗಳಲ್ಲಿದ್ದ 128 ಮಂದಿ, ನೆಲದ ಮೇಲಿದ್ದ 6 ಮಂದಿ ತೀರಿಕೊಂಡರು. ಮರುವರ್ಷವೇ ಅಮೆರಿಕದಲ್ಲಿ ವಿಮಾನ ನಿಲ್ದಾಣಗಳ ಸುತ್ತ 10,000 ಅಡಿಯ ಕೆಳಗೆ 250 ನಾಟ್ ಮಿತಿ ಬಂತು. 1967ರಲ್ಲಿ ಆ ಎತ್ತರದ ಕೆಳಗೆಲ್ಲ ಅದು ಅನ್ವಯವಾಯಿತು. ಇಂದು ಭಾರತವೂ ಸೇರಿ ಬಹುತೇಕ ಕಡೆ ಇದೇ ಸಂಖ್ಯೆ ಬಳಕೆಯಲ್ಲಿದೆ. ಕೆಲವು ದೇಶಗಳಲ್ಲಿ ನಿಯಂತ್ರಕರು ಪರಿಸ್ಥಿತಿ ನೋಡಿ ಸಡಿಲಿಕೆ ಕೊಡಬಹುದು, ಆದರೆ ಅದು ಬಾಯಿಬಿಟ್ಟು ಹೇಳಿ ಕೊಡಬೇಕಾದ ಸಡಿಲಿಕೆ.

ದಾರಿ ಮೊಟಕಾದದ್ದು, ವೇಗ ಉಳಿದುಕೊಂಡದ್ದು. ನಿಮ್ಮ ಮಗನ ಪ್ರಸಂಗದಲ್ಲೂ ಮೊದಲ ಕೊಂಡಿ ಇದೇ ಎಂಬುದನ್ನು ಗಮನಿಸಿ. ಅರವತ್ತು ವರ್ಷ ಕಳೆದರೂ ಅದು ಬದಲಾಗಿಲ್ಲ, ಏಕೆಂದರೆ ಅದರ ಮೂಲ ಇರುವುದು ಭೌತಶಾಸ್ತ್ರದಲ್ಲಿ. ನೀವು ಗಣಿತದವರು, ಲೆಕ್ಕ ಸಮೇತ ಹೇಳುತ್ತೇನೆ.

ಮುಂಬೈಯಿಂದ ಬೆಂಗಳೂರಿಗೆ ಸರಳರೇಖೆ ಎಳೆದರೆ ಅದು ಚಳ್ಳಕೆರೆಯ ಹತ್ತಿರ ಹಾದುಹೋಗುತ್ತದೆ. ಬೆಂಗಳೂರು ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದೆ. 36,000 ಅಡಿಯಲ್ಲಿ ಬರುವ ವಿಮಾನ ಕಳೆದುಕೊಳ್ಳಬೇಕಾದ ಎತ್ತರ 33,000 ಅಡಿ. ಪೈಲಟ್‌ಗಳ ಬಾಯಿಲೆಕ್ಕ ಏನೆಂದರೆ ಸಾವಿರ ಅಡಿಗೆ ಮೂರು ನಾಟಿಕಲ್ ಮೈಲಿ. ಅಲ್ಲಿಗೆ 99 ಮೈಲಿ; ವೇಗ ಇಳಿಸಿಕೊಳ್ಳಲು ಇನ್ನೊಂದು ಹತ್ತು ಮೈಲಿ ಸೇರಿಸಿ. ನಿಲ್ದಾಣದಿಂದ ಹೆಚ್ಚುಕಡಿಮೆ 110 ನಾಟಿಕಲ್ ಮೈಲಿ, ಎಂದರೆ ಇನ್ನೂರು ಕಿಲೋಮೀಟರ್ ದೂರದಲ್ಲಿ ಇಳಿಯಲು ಆರಂಭಿಸಬೇಕು. ನಕ್ಷೆಯ ಮೇಲೆ ಕೈವಾರ ಇಟ್ಟು ನೋಡಿ: ದಾವಣಗೆರೆ ಆ ನಿಲ್ದಾಣಕ್ಕೆ ಸುಮಾರು 240 ಕಿಲೋಮೀಟರ್, ನನ್ನ ಚಿತ್ರದುರ್ಗ ಸುಮಾರು 180. ನಮ್ಮಿಬ್ಬರ ಊರುಗಳಿಗೂ ನಡುವಿನ ದೂರದಲ್ಲಿಯೇ ಬೆಂಗಳೂರಿನ ವಿಮಾನಗಳು ಎಂಜಿನ್ ತಗ್ಗಿಸಿ ಮೂಗು ಬಗ್ಗಿಸುತ್ತವೆ. ಜೋಗಿಮಟ್ಟಿಯ ಗಾಳಿಯಂತ್ರಗಳ ಮೇಲೆ ಹಾದುಹೋಗುವ ವಿಮಾನವನ್ನು ನೋಡಿದಾಗಲೆಲ್ಲ ನನ್ನ ಮನಸ್ಸು ತಾನಾಗಿ ಈ ಲೆಕ್ಕ ಹಾಕುತ್ತದೆ.

ಎಂಜಿನ್ ತಗ್ಗಿಸಿದ ಮಾತ್ರಕ್ಕೆ ಜೆಟ್ ನಿಧಾನವಾಗುವುದಿಲ್ಲ. ಮೆಕ್ಕೆಜೋಳ ತುಂಬಿದ ಲಾರಿ ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟರೂ ಓಡುವ ಹಾಗೆ, ಕಳೆದುಕೊಂಡ ಎತ್ತರವೇ ವಿಮಾನಕ್ಕೆ ಇಂಧನವಾಗುತ್ತದೆ. ಇಳಿಯಬೇಕು ಇಲ್ಲವೇ ನಿಧಾನವಾಗಬೇಕು. ಎರಡನ್ನೂ ಒಟ್ಟಿಗೆ ಚೆನ್ನಾಗಿ ಮಾಡಲು ನುಣುಪು ಮೈಯ ಆಧುನಿಕ ಜೆಟ್‌ಗಳಿಗೆ ಆಗುವುದಿಲ್ಲ. ಸಮತಟ್ಟಾಗಿ ಹಾರಿದರೆ ಹತ್ತು ನಾಟ್ ಕಳೆಯಲು ಒಂದು ಮೈಲಿ ಬೇಕೆಂದು ನಾವು ಲೆಕ್ಕವಿಟ್ಟುಕೊಳ್ಳುತ್ತೇವೆ. 10,000 ಅಡಿಯಲ್ಲಿ 300 ನಾಟ್‌ನಿಂದ 250ಕ್ಕೆ ಇಳಿಯುವಾಗ ಬಿಟ್ಟುಕೊಡಬೇಕಾದ ಚಲನಶಕ್ತಿಯನ್ನು ಎತ್ತರಕ್ಕೆ ಪರಿವರ್ತಿಸಿ ನೋಡಿದರೆ ಸುಮಾರು 1,600 ಅಡಿ ಬರುತ್ತದೆ. ಸಾವಿರ ಅಡಿಗೆ ಮೂರು ಮೈಲಿಯಂತೆ ಅದು ಐದು ಮೈಲಿ. ಬಾಯಿಲೆಕ್ಕವೂ ಪಠ್ಯಪುಸ್ತಕದ ಸೂತ್ರವೂ ಒಂದೇ ಉತ್ತರ ಕೊಡುವುದನ್ನು ಕಂಡು ತರಬೇತಿಯ ದಿನಗಳಲ್ಲಿ ನನಗೆ ಆದ ಸಂತೋಷ ಇನ್ನೂ ನೆನಪಿದೆ. ವೇಗವೆಂದರೆ ಬಚ್ಚಿಟ್ಟುಕೊಂಡ ಎತ್ತರ.

ಈಗ ನಿಯಂತ್ರಕರು ನೇರ ದಾರಿ ಕೊಡುತ್ತಾರೆ. ಪ್ರಯಾಣಿಕರಿಗೆ ಸಂತೋಷ, ಇಂಧನವೂ ಉಳಿತಾಯ. ಕಾಕ್‌ಪಿಟ್‌ನಲ್ಲಿ ಮಾತ್ರ ಒಂದೇ ಕ್ಷಣದಲ್ಲಿ ಲೆಕ್ಕ ತಲೆಕೆಳಗಾಗುತ್ತದೆ. ಹತ್ತು ಮೈಲಿ ದಾರಿ ಕಡಿಮೆಯಾದರೆ ವಿಮಾನ ಕುಳಿತಲ್ಲಿಯೇ ಮೂರು ಸಾವಿರ ಅಡಿ ಹೆಚ್ಚು ಎತ್ತರದಲ್ಲಿದ್ದಂತೆ. ಅದನ್ನು ಸರಿದೂಗಿಸಲು ಪೈಲಟ್ ರೆಕ್ಕೆಯ ಮೇಲೆ ಗಾಳಿಗೆ ಅಡ್ಡವಾಗಿ ಏಳುವ ಹಲಗೆಗಳಾದ ಸ್ಪೀಡ್‌ಬ್ರೇಕ್ ಎತ್ತುತ್ತಾನೆ, ವೇಗ ಹೆಚ್ಚಿಸಿ ಕಡಿದಾಗಿ ಇಳಿಯುತ್ತಾನೆ. ಬೆಂಗಳೂರಿನ ವಿಶೇಷ ಇನ್ನೊಂದಿದೆ. ನೆಲವೇ 3,000 ಅಡಿ ಎತ್ತರವಿರುವುದರಿಂದ 10,000 ಅಡಿ ದಾಟಿದಾಗ ಕೆಳಗೆ ಉಳಿದಿರುವುದು 7,000 ಅಡಿ ಮಾತ್ರ, ಎಂದರೆ ಇಪ್ಪತ್ತೊಂದು ಮೈಲಿಯ ಇಳಿಜಾರು. ಮುಂಬೈಯಲ್ಲೋ ಮಂಗಳೂರಿನಲ್ಲೋ ಇಳಿಯುವಾಗ ಸಿಗುವಷ್ಟು ಜಾಗ ಇಲ್ಲಿ ಸಿಗುವುದಿಲ್ಲ.

ಇದರ ಮೇಲೆ ರನ್‌ವೇ ಬದಲಾವಣೆ. ಕೇಳಲು ಸಣ್ಣದು. ಆದರೆ ಒಬ್ಬರು ತಲೆ ತಗ್ಗಿಸಿ ಕಂಪ್ಯೂಟರ್‌ಗೆ ಹೊಸ ರನ್‌ವೇ ತುಂಬಬೇಕು, ರೇಡಿಯೊ ಆವರ್ತನ ತಾಳೆ ನೋಡಬೇಕು, ಇನ್ನೊಬ್ಬರೊಂದಿಗೆ ಹೊಸ ದಾರಿಯನ್ನು ಮಾತನಾಡಿಕೊಳ್ಳಬೇಕು, ನಡುನಡುವೆ ನಿಯಂತ್ರಕರಿಗೆ ಉತ್ತರ ಕೊಡಬೇಕು.

ಆಟೋಪೈಲಟ್ ಇರಲಿಲ್ಲವೇ ಎಂದು ನೀವು ಕೇಳಬಹುದು. ಇತ್ತು. ಇಲ್ಲಿಯೇ ಅನೇಕ ಪೈಲಟ್‌ಗಳು ಎಡವುವುದು. ಏರ್‌ಬಸ್‌ನಂಥ ವಿಮಾನದಲ್ಲಿ ವೇಗವನ್ನು ಕಂಪ್ಯೂಟರ್‌ಗೆ ಒಪ್ಪಿಸಿದ್ದರೆ 10,000 ಅಡಿಯ 250 ನಾಟ್ ಮಿತಿ ಅದರ ನೆನಪಿನಲ್ಲಿರುತ್ತದೆ, ತಾನೇ ನಿಧಾನವಾಗುತ್ತದೆ. ಪೈಲಟ್ ನಾಬ್ ಎಳೆದು ತಾನೇ ವೇಗ ಆರಿಸಿದರೆ, ಉದಾಹರಣೆಗೆ ಬೇಗ ಇಳಿಯಲು 300 ಎಂದು ಇಟ್ಟರೆ, ಆ ಕ್ಷಣದಿಂದ ಮಿತಿ ನೆನಪಿಡುವ ಹೊಣೆ ಯಂತ್ರದಿಂದ ಮನುಷ್ಯನಿಗೆ ಬಂತು. ಯಂತ್ರ ವಿಧೇಯವಾಗಿ 300 ಕಾಯ್ದುಕೊಂಡು 10,000 ಅಡಿ ದಾಟಿಸುತ್ತದೆ. ಯಾವ ಗಂಟೆಯೂ ಬಾರಿಸುವುದಿಲ್ಲ, ಏಕೆಂದರೆ ಅದರ ದೃಷ್ಟಿಯಲ್ಲಿ ಏನೂ ತಪ್ಪಿಲ್ಲ. ನಿಮ್ಮ ಮಗನ ವಿಮಾನದಲ್ಲಿ ಆದದ್ದೂ ಇದೇ ಇರಬೇಕೆಂದು ನನ್ನ ಊಹೆ. ಸೋಮಾರಿತನದಿಂದ ಆಗುವ ತಪ್ಪಲ್ಲ ಇದು. ಕೆಲಸ ಅತಿ ಹೆಚ್ಚಾದ ನಿಮಿಷದಲ್ಲಿ, ಹೊಣೆ ಕೈಬದಲಾದದ್ದು ಮರೆತುಹೋಗಿ ಆಗುವ ತಪ್ಪು.

ಹಾಗೆಂದು ಮೂವತ್ತು ನಾಟ್ ಏನೂ ಅಲ್ಲವೆಂದು ನಾನು ಹೇಳುವುದಿಲ್ಲ. 280ನ್ನು 250ರಿಂದ ಭಾಗಿಸಿ ವರ್ಗ ಮಾಡಿ: 1.25. ಹದ್ದೊಂದು ಮುಂಗಾಜಿಗೆ ಬಡಿದರೆ ಆ ಹೊಡೆತ ಕಾಲು ಪಾಲು ಹೆಚ್ಚು. ಮುಂಗಾಜನ್ನು ಸುಮಾರು 1.8 ಕಿಲೋ ತೂಕದ ಹಕ್ಕಿಯ ಹೊಡೆತ ತಾಳುವಂತೆ ಮಾಡಿರುತ್ತಾರೆ, ಎಲ್ಲ ಹಕ್ಕಿಗಳೂ ಆ ತೂಕದೊಳಗೆ ಇರುವುದಿಲ್ಲ. ಅಷ್ಟೇ ವಾಲಿಕೊಂಡು ತಿರುಗಿದರೂ ತಿರುವಿನ ತ್ರಿಜ್ಯ ಅದೇ ಕಾಲು ಪಾಲು ಹಿಗ್ಗುತ್ತದೆ. ನಿಯಂತ್ರಕರು ಊಹಿಸಿದ ಜಾಗದಲ್ಲಿ ವಿಮಾನ ಇರುವುದಿಲ್ಲ. ಮುಂದಿನ ವಿಮಾನಕ್ಕಿಂತ ಮೂವತ್ತು ನಾಟ್ ಜಾಸ್ತಿ ಎಂದರೆ ನಿಮಿಷಕ್ಕೆ ಅರ್ಧ ನಾಟಿಕಲ್ ಮೈಲಿ ಹತ್ತಿರವಾದಂತೆ. ನಡುವೆ ಐದು ಮೈಲಿ ಇದ್ದರೆ ಒಂದು ನಿಮಿಷದಲ್ಲಿ ನಾಲ್ಕೂವರೆಯಾಗುತ್ತದೆ. ಅದು ಗಾಬರಿಯ ಅಂತರವಲ್ಲ. ಐದು ನಿಮಿಷ ಯಾರೂ ನೋಡದಿದ್ದರೆ ಎರಡೂವರೆಯಾಗುತ್ತದೆ. ನಿಮ್ಮ ಮಗ ಒಂದು ನಿಮಿಷದಲ್ಲಿ ನೋಡಿದ. ಈ ಇಡೀ ಪ್ರಸಂಗದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಆ 280 ಅಲ್ಲ, ಆ ಒಂದು ನಿಮಿಷ.

ಯಾಕೆಂದು ಹೇಳಲು ನನ್ನ ಬದುಕಿನದೇ ಒಂದು ರಾತ್ರಿಯನ್ನು ಹೇಳಬೇಕಾಗುತ್ತದೆ. ನಾನಾಗ ನಿಮ್ಮ ಮಗನ ವಯಸ್ಸಿನವನು. ಎಡಗಡೆಯ ಸೀಟಿನಲ್ಲಿ ನನಗಿಂತ ಇಪ್ಪತ್ತು ವರ್ಷ ದೊಡ್ಡವರಾದ, ಎಲ್ಲರೂ ಗೌರವಿಸುತ್ತಿದ್ದ ಕ್ಯಾಪ್ಟನ್. ಇಳಿಯುವಾಗ 10,000 ಅಡಿ ದಾಟಿತು, ಮುಳ್ಳು 290ರ ಮೇಲೆಯೇ ಇತ್ತು. ನಾನು ನೋಡಿದೆ. ಅವರಿಗೆ ಗೊತ್ತಿದ್ದೇ ಹಾಗೆ ಮಾಡುತ್ತಿರಬೇಕು, ನಾನು ಹೇಳುವುದು ಅಧಿಕಪ್ರಸಂಗವಾದೀತು ಎಂದುಕೊಂಡೆ. ದೊಡ್ಡವರ ಮಾತಿಗೆ ಅಡ್ಡ ಬಾಯಿ ಹಾಕಬಾರದೆಂದು ಕಲಿತು ಬೆಳೆದವರು ನಾವು. ಮನೆಯಲ್ಲಿ ಅದು ಒಳ್ಳೆಯ ಗುಣವೇ. ಕೊನೆಗೆ ನಿಯಂತ್ರಕರೇ ನಮ್ಮ ವೇಗ ಎಷ್ಟೆಂದು ಕೇಳಿದರು. ಆಗ ಕ್ಯಾಪ್ಟನ್ ಬೆಚ್ಚಿಬಿದ್ದು ಸ್ಪೀಡ್‌ಬ್ರೇಕ್ ಎಳೆದರು. ಇಳಿದು ಹೋಟೆಲಿಗೆ ಹೋಗುವ ವಾಹನದಲ್ಲಿ ಕುಳಿತಾಗ ಅವರು ಮೆಲ್ಲಗೆ ಕೇಳಿದರು: "ನೀವು ನೋಡಿರಲಿಲ್ಲವೇ?" "ನೋಡಿದ್ದೆ ಸರ್." "ಮತ್ತೆ ಯಾಕೆ ಹೇಳಲಿಲ್ಲ?" ನನ್ನ ಬಳಿ ಉತ್ತರವಿರಲಿಲ್ಲ. ಅವರು ಬಯ್ಯಲಿಲ್ಲ, ಬೈದಿದ್ದರೆ ಇಷ್ಟು ನೆನಪಿರುತ್ತಿರಲಿಲ್ಲವೇನೋ. ಅಂದು ನಾವಿಬ್ಬರೂ ಏನನ್ನೂ ಬರೆದುಕೊಡಲಿಲ್ಲ. ಅದೇ ದಾರಿಯಲ್ಲಿ ಅದೇ ಎತ್ತರದಲ್ಲಿ ಇನ್ನೆಷ್ಟು ಮಂದಿ ಹಾಗೆಯೇ ಎಡವಿದರೋ, ಯಾರಿಗೂ ತಿಳಿಯದೆ ಹೋಯಿತು.

ಬಲಗಡೆಯ ಸೀಟಿನ ದನಿ ಎಷ್ಟು ದೊಡ್ಡ ವಿಷಯವೆಂಬುದು ನಮ್ಮ ನಾಡಿಗೆ ಗೊತ್ತು. 2010ರ ಮೇ 22ರಂದು ಮಂಗಳೂರಿನಲ್ಲಿ ಆದ ದುರಂತದಲ್ಲಿ 158 ಮಂದಿ ತೀರಿಕೊಂಡರು, ಬದುಕಿದವರು 8 ಮಂದಿ. ಅಂದು ಮಂಗಳೂರಿನ ರೇಡಾರ್ ಕೆಟ್ಟಿದ್ದರಿಂದ ವಿಮಾನಕ್ಕೆ ಇಳಿಯಲು ಅನುಮತಿ ಸಿಕ್ಕಿದ್ದು ತಡವಾಗಿ. ರನ್‌ವೇ ಸಮೀಪಿಸುವಾಗ ಅದು ಇರಬೇಕಾದ ಎತ್ತರಕ್ಕಿಂತ ಬಹಳ ಮೇಲಿತ್ತು. ಇಳಿಯುವುದನ್ನು ಕೈಬಿಟ್ಟು ಮೇಲೇರಲು ಸಹ ಪೈಲಟ್ ಮೂರು ಬಾರಿ ಹೇಳಿದ್ದರೆಂದು ತನಿಖಾ ವರದಿ ದಾಖಲಿಸಿದೆ. ಚಕ್ರ ನೆಲ ಮುಟ್ಟಿದ್ದು ಸುಮಾರು 8,000 ಅಡಿಯ ರನ್‌ವೇಯಲ್ಲಿ 5,200 ಅಡಿ ಕಳೆದ ಮೇಲೆ. ನಿಮ್ಮ ಮಗನ ಮೂವತ್ತು ನಾಟ್‌ಗೂ ಆ ದುರಂತಕ್ಕೂ ಹೋಲಿಕೆಯಿಲ್ಲ, ಹೆದರಿಸಲು ಹೇಳುತ್ತಿಲ್ಲ. ಅಲ್ಲಿ ಒಂದು ದನಿ ಎದ್ದಿತು, ಕೇಳುವವರಿರಲಿಲ್ಲ. ಇಲ್ಲಿ ಎರಡು ವರ್ಷದ ಅನುಭವದ ಹುಡುಗ "ಸ್ಪೀಡ್" ಎಂದ, ಕ್ಯಾಪ್ಟನ್ ಮರುಮಾತಿಲ್ಲದೆ ಕೇಳಿದರು, ಆಮೇಲೆ ಅವನೊಂದಿಗೆ ತಾವೂ ಬರೆದುಕೊಟ್ಟರು. ಅಂಥ ಕ್ಯಾಪ್ಟನ್ ಜೊತೆ ನನ್ನ ಮಕ್ಕಳನ್ನು ಕಣ್ಣುಮುಚ್ಚಿ ಕಳುಹಿಸುತ್ತೇನೆ.

ಇನ್ನು ನಿಮ್ಮ ಮೂರನೆಯ ಪ್ರಶ್ನೆ, ಯಾವ ಜಾಣತನ ಎಂಬುದು. ಮೊದಲನೆಯದಾಗಿ, ಯಾರ ಕಣ್ಣಿಗೂ ಬೀಳಲಿಲ್ಲ ಎಂಬುದೇ ಸರಿಯಲ್ಲ. ವಿಮಾನದ ರೆಕಾರ್ಡರ್ ವೇಗ, ಎತ್ತರಗಳನ್ನು ಸೆಕೆಂಡು ಸೆಕೆಂಡಿಗೆ ಬರೆದಿಟ್ಟುಕೊಳ್ಳುತ್ತದೆ. ಆ ದತ್ತಾಂಶವನ್ನು ಸಂಸ್ಥೆಗಳು ನಿಯಮಿತವಾಗಿ ಪರಿಶೀಲಿಸಬೇಕೆಂದು ದೇಶದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ನಿಯಮವೇ ಇದೆ. ಆದರೆ ಹೇಗೂ ಸಿಕ್ಕಿಬೀಳುತ್ತೇವೆ ಎಂಬ ಕಾರಣಕ್ಕೆ ಬರೆದುಕೊಡುವುದಾದರೆ ಅದಕ್ಕೆ ಬೆಲೆಯಿಲ್ಲ. ರೆಕಾರ್ಡರ್ 280 ಎಂದು ಹೇಳುತ್ತದೆ. ಯಾಕೆ 280 ಎಂದು ಅದಕ್ಕೆ ಗೊತ್ತಿಲ್ಲ. ನೇರ ದಾರಿ ಯಾವ ಎತ್ತರದಲ್ಲಿ ಸಿಕ್ಕಿತು, ರನ್‌ವೇ ಬದಲಾದದ್ದು ಯಾವಾಗ, ಯಾರ ತಲೆ ಎಲ್ಲಿ ತಗ್ಗಿತ್ತು, ಇವನ್ನು ಮನುಷ್ಯನೇ ಹೇಳಬೇಕು. ಇಂಥ ಹತ್ತು ವರದಿಗಳು ಒಂದೇ ಜಾಗದಿಂದ ಬಂದರೆ, ರನ್‌ವೇ ಬದಲಾವಣೆಯನ್ನು ಇನ್ನಷ್ಟು ಮೊದಲೇ ತಿಳಿಸಬಹುದೇ ಎಂದು ಸಂಸ್ಥೆ ಮತ್ತು ನಿಯಂತ್ರಕರು ಕುಳಿತು ಮಾತನಾಡಬಹುದು. ಒಂದೂ ಬರದಿದ್ದರೆ ಮಾತನಾಡಲು ಏನೂ ಇರುವುದಿಲ್ಲ.

ಇದರ ಬೆಲೆ ಜಗತ್ತಿಗೆ ತಿಳಿದದ್ದೂ ಸಾವಿನಿಂದಲೇ. 1974ರ ಡಿಸೆಂಬರ್ 1ರಂದು ವಾಷಿಂಗ್ಟನ್ ಬಳಿ ವಿಮಾನವೊಂದು ಬೆಟ್ಟಕ್ಕೆ ಬಡಿದು 92 ಮಂದಿ ಸತ್ತರು. ನಿಯಂತ್ರಕರ ಅನುಮತಿಯ ಅರ್ಥವನ್ನು ಪೈಲಟ್‌ಗಳು ತಪ್ಪಾಗಿ ಗ್ರಹಿಸಿ, ಬೇಗನೆ ಕೆಳಗಿಳಿದಿದ್ದರು. ಸುಮಾರು ಆರು ವಾರ ಮೊದಲು ಬೇರೊಂದು ಸಂಸ್ಥೆಯ ಪೈಲಟ್‌ಗಳು ಅದೇ ಬೆಟ್ಟದ ಮೇಲೆ ಅದೇ ರೀತಿ ತಪ್ಪು ತಿಳಿದು, ಕೂದಲೆಳೆಯಲ್ಲಿ ಪಾರಾಗಿದ್ದರು. ಅವರು ತಮ್ಮ ಸಂಸ್ಥೆಗೆ ತಿಳಿಸಿದರು, ಸಂಸ್ಥೆ ತನ್ನ ಪೈಲಟ್‌ಗಳಿಗೆ ಎಚ್ಚರಿಕೆ ಕೊಟ್ಟಿತು. ಅದು ಇನ್ನೊಂದು ಸಂಸ್ಥೆಯವರನ್ನು ತಲುಪಲಿಲ್ಲ. ಇದಾದ ಮೇಲೆ 1976ರಲ್ಲಿ ಅಮೆರಿಕ ಸ್ವಯಂಪ್ರೇರಿತ ವರದಿಗಳ ವ್ಯವಸ್ಥೆ ತಂದಿತು. ಅದನ್ನು ನಡೆಸುವ ಹೊಣೆಯನ್ನು ದಂಡ ಹಾಕುವ ಇಲಾಖೆಗೆ ಕೊಡದೆ, ದಂಡಿಸುವ ಅಧಿಕಾರವೇ ಇಲ್ಲದ ನಾಸಾಗೆ ಕೊಟ್ಟಿತು. ವರದಿಯಿಂದ ಹೆಸರು ತೆಗೆದು ಪಾಠವನ್ನು ಮಾತ್ರ ಎಲ್ಲರಿಗೂ ಹಂಚುತ್ತಾರೆ. ನಮ್ಮಲ್ಲೂ ಸಂಸ್ಥೆಗಳ ಒಳಗೆ ಮತ್ತು ಡಿಜಿಸಿಎಯಲ್ಲಿ ಸ್ವಯಂಪ್ರೇರಿತ ವರದಿಗೆ ದಾರಿಯಿದೆ. ಬೇಕೆಂದೇ ನಿಯಮ ಮುರಿದವರಿಗೆ, ಕುಡಿದು ಕೆಲಸಕ್ಕೆ ಬಂದವರಿಗೆ ಇದು ರಕ್ಷಣೆಯಲ್ಲ, ಆಗಲೂಬಾರದು.

ಒಂದು ವಿನಂತಿ ಮೇಷ್ಟ್ರೇ. ಮುಂದಿನ ಸಲ ಮಗ ಊರಿಗೆ ಬಂದಾಗ, ಹೀಗೆಲ್ಲ ಬರೆದುಕೊಡಬೇಡ ಎಂದು ಪ್ರೀತಿಯಿಂದಲೂ ಹೇಳಬೇಡಿ. ತಂದೆಯ ಮಾತು ಕಾಕ್‌ಪಿಟ್‌ವರೆಗೂ ಜೊತೆಗೆ ಹೋಗುತ್ತದೆ. ನಿಮ್ಮ ತರಗತಿಯಲ್ಲಿ ತಪ್ಪು ಉತ್ತರವನ್ನು ಒರೆಸಿಹಾಕದೆ, ಎಲ್ಲಿ ತಪ್ಪಿತೆಂದು ತೋರಿಸಲು ಬೋರ್ಡಿನ ಬಳಿಗೆ ಬಂದ ಹುಡುಗನನ್ನು ನೀವು ಹೇಗೆ ನಡೆಸಿಕೊಂಡಿರುತ್ತೀರೋ ಹಾಗೆಯೇ ನಡೆಸಿಕೊಳ್ಳಿ. ಅವನೊಂದಿಗೆ ಮಾತನಾಡಲೇಬೇಕೆಂದಿದ್ದರೆ ಇದನ್ನು ಕೇಳಿ: ವೇಗವನ್ನು ನಾಬ್ ಎಳೆದು ತಾನೇ ಆರಿಸಿಕೊಂಡಾಗ 10,000 ಅಡಿಗೆ ಮೊದಲು ನೆನಪಿಸಿಕೊಳ್ಳಲು ಈಗ ಏನು ಉಪಾಯ ಮಾಡಿಕೊಂಡಿದ್ದಾನೆ? ನಾನು ಆ ರಾತ್ರಿಯ ನಂತರ ಪ್ರತಿಸಲವೂ 12,000 ಅಡಿಯಲ್ಲಿ "ಮುಂದೆ ಹತ್ತು, ಇನ್ನೂರೈವತ್ತು" ಎಂದು ಗಟ್ಟಿಯಾಗಿ ಹೇಳುತ್ತಿದ್ದೆ. ಪಕ್ಕದವರು ಕ್ಯಾಪ್ಟನ್ ಆಗಿರಲಿ, ನಿನ್ನೆ ಸೇರಿದವರಾಗಿರಲಿ, ನಿವೃತ್ತಿಯ ದಿನದವರೆಗೂ ಅದನ್ನು ಬಿಡಲಿಲ್ಲ.

ಕೊನೆಗೆ ನಿಮ್ಮ ಆ್ಯಪ್. ಅಲ್ಲಿ ಕಾಣುವುದು ನೆಲಕ್ಕೆ ಹೋಲಿಸಿ ಅಳೆದ ವೇಗ. 250ರ ಮಿತಿ ಇರುವುದು ಕಾಕ್‌ಪಿಟ್‌ನ ಸೂಚಕ ತೋರಿಸುವ ವೇಗಕ್ಕೆ, ಎಂದರೆ ಎದುರಿನ ಗಾಳಿಯ ಒತ್ತಡದಿಂದ ಅಳೆದದ್ದಕ್ಕೆ. ಮೇಲೆ ಹೋದಂತೆ ಗಾಳಿ ತೆಳುವಾಗುವುದರಿಂದ ಸೂಚಕ 250 ತೋರಿಸುವಾಗ ವಿಮಾನ ನಿಜವಾಗಿ ಅದಕ್ಕಿಂತ ವೇಗವಾಗಿ ಸಾಗುತ್ತಿರುತ್ತದೆ. 10,000 ಅಡಿಯಲ್ಲಿ, ಪಠ್ಯಪುಸ್ತಕದ ತಣ್ಣನೆಯ ಹವೆಯಲ್ಲಿ ಅದು ಸುಮಾರು 290 ನಾಟ್. ನಮ್ಮ ಕಡೆಯ ಹವೆ ಅದಕ್ಕಿಂತ ಬೆಚ್ಚಗಿರುವುದರಿಂದ 300ರ ಹತ್ತಿರ ಬರುತ್ತದೆ. ಹಿಂದಿನಿಂದ ಮೂವತ್ತು ನಾಟ್ ಗಾಳಿ ಬೀಸುತ್ತಿದ್ದರೆ 330. ಎದುರಿನಿಂದ ಅಷ್ಟೇ ಬೀಸಿದರೆ 270. ನೀವು ಆಗಾಗ ನೋಡಿ ಗಾಬರಿಯಾಗುತ್ತಿರುವ ಆ 300, ಗಾಳಿಯಿಲ್ಲದ ದಿನ, ನಿಮ್ಮ ಮಗನ ಮುಂದಿನ ಸೂಚಕದಲ್ಲಿ ಹೆಚ್ಚುಕಡಿಮೆ ಸರಿಯಾಗಿ 250.